ಮೂಕಾಂಬಿಕಾ ಕೊಟ್ಟ ವೀಳ್ಯ

ನನ್ನ ತಂಗಿ ಮೂಕಾಂಬಿಕಾಳನ್ನು ಯಾರಾದರೂ ‘ಪಾಪದ ಹೆಂಗಸು, ಬಡಪಾಯಿ’ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಶೃಂಗೇರಿಯಲ್ಲಿ ಅವಳ ಅಕ್ಕಪಕ್ಕದವರು ಹಾಗೆ ಅನ್ನುತ್ತಾರೆ. ಗಂಡ ಮನೆಯಲ್ಲಿ ಕಾಣುವುದೇ ಅಪರೂಪ, ಎರಡು ಮಕ್ಕಳು, ಕರೆಯುವ ಒಂದು ಹಸು, ಮಾತು ಕಡಿಮೆ. ಇಷ್ಟು ನೋಡಿ ಅಯ್ಯೋ ಅನ್ನುವವರು ಅವಳು ಹಟ ಹಿಡಿದದ್ದನ್ನು ಕಂಡಿಲ್ಲ. ನಾನು ಕಂಡಿದ್ದೇನೆ. ಚಿಕ್ಕಂದಿನಿಂದ ಕಂಡು ಕಂಡು ಸುಸ್ತಾಗಿದ್ದೇನೆ.

ನಮ್ಮ ಮನೆ ಹರಿಹರಪುರದ ಹತ್ತಿರ, ತುಂಗಾ ಹೊಳೆಗೆ ಕೂಗಳತೆಯಲ್ಲಿ. ಎಂಟೊಂಬತ್ತು ವರ್ಷದವಳಿದ್ದಾಗ ಈಜು ಕಲಿಸು ಅಂತ ನನ್ನ ಬೆನ್ನು ಬಿದ್ದಳು. ಹೆಣ್ಣುಕೂಸಿಗೆ ಎಂತಕ್ಕೆ ಈಜು ಅಂತ ಅಜ್ಜಿ ಬೈದರು. ದೊಡ್ಡವನೆಂಬ ಗತ್ತಿನಲ್ಲಿ ನಾನೂ ಬೈದೆ. ಮಾರನೇ ದಿನ ಹೊಳೆಗೆ ಹೋಗಿ ನೋಡಿದರೆ, ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಕಟ್ಟಿ, ಅದನ್ನು ಹೊಟ್ಟೆಯಡಿಗೆ ಹಾಕಿಕೊಂಡು ಒಬ್ಬಳೇ ನೀರಲ್ಲಿ ಕಾಲು ಬಡಿಯುತ್ತಿದ್ದಳು! ನನಗೆ ಜೀವ ಬಾಯಿಗೆ ಬಂತು. ಆ ಬೇಸಿಗೆ ಮುಗಿಯುವುದರೊಳಗೆ ಹೊಳೆಯ ಆಚೆ ದಡ ಮುಟ್ಟಿ ಬಂದಳು.

ಅವಳನ್ನು ಕೊಟ್ಟದ್ದು ಶೃಂಗೇರಿಗೆ, ಅಡಿಗೆ ಭಟ್ಟ ದತ್ತಮೂರ್ತಿಗೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಈ ಮೂರು ತಾಲ್ಲೂಕಿನಲ್ಲಿ ಮದುವೆ ನಿಶ್ಚಯವಾದರೆ ಮೊದಲು ಛತ್ರ ನೋಡುತ್ತಾರೆ, ಆಮೇಲೆ ದತ್ತಮೂರ್ತಿಯನ್ನು ನೋಡುತ್ತಾರೆ, ಪುರೋಹಿತರ ನೆನಪಾಗುವುದು ಅದರ ನಂತರ. ಅವನ ಕೈಯ ಹುಳಿ ಉಂಡವರು ಎಲೆ ಮಡಿಸಲು ಮನಸ್ಸಿಲ್ಲದೆ ಕೂತಿರುವುದನ್ನು ನಾನೇ ನೋಡಿದ್ದೇನೆ. ಅವನ ಪಾತ್ರೆ ಪಡಗ ಸಾಗಿಸುವುದು ನನ್ನ ಓಮ್ನಿ. ನನಗೆ ಮದುವೆ ಆಗಿಲ್ಲ. ಹೆಣ್ಣು ಸಿಗಲಿಲ್ಲ, ಅಷ್ಟೆ. ನನ್ನ ಸಿಟ್ಟಿಗೆ ಹೆದರಿ ಯಾರೂ ಕೊಡಲಿಲ್ಲ ಅಂತ ತಂಗಿ ಹೇಳುತ್ತಾಳೆ, ಅದೆಲ್ಲ ಶುದ್ಧ ಸುಳ್ಳು. ಹಾಗಾಗಿ ನನ್ನ ಸಂಸಾರ ಅಂದರೆ ಆ ಓಮ್ನಿ, ಈ ತಂಗಿ, ಅವಳ ಮಕ್ಕಳಾದ ವಿಘ್ನೇಶ ಮತ್ತು ಶರಣ್ಯಾ.

ಈಜು ಆ ತಾಯಿ ಮಕ್ಕಳ ಹುಚ್ಚು. ಊರ ಹೊರಗೆ ತುಂಗೆ ತಿರುಗುವಲ್ಲಿ ಒಂದು ಗುಂಡಿ ಇದೆ, ನೀರು ನಿಂತ ಹಾಗೆ ಇರುತ್ತದೆ. ಶಾಲೆಗೆ ರಜ ಸಿಕ್ಕಿತೆಂದರೆ ಮೂವರೂ ಟವೆಲು ಹೆಗಲಿಗೆ ಹಾಕಿಕೊಂಡು ಅಲ್ಲಿಗೆ ಹೊರಟರು ಅಂತಲೇ ಲೆಕ್ಕ. ‘ಎರಡು ಮಕ್ಕಳ ತಾಯಿ, ಚೂಡಿದಾರ ಹಾಕ್ಕೊಂಡು ಹೊಳೆಗೆ ಹಾರೂದಾ?’ ಅಂತ ಬೀದಿಯಲ್ಲಿ ಮಾತಾಯಿತು. ಮೂಕಾಂಬಿಕಾ ಯಾರಿಗೂ ಉತ್ತರ ಕೊಡಲಿಲ್ಲ, ಹಾರುವುದನ್ನೂ ಬಿಡಲಿಲ್ಲ. ವಿಘ್ನೇಶನಿಗೆ ಈಗ ಹದಿನಾಲ್ಕು. ಬಂಡೆಯ ಮೇಲಿಂದ ತಲೆಕೆಳಗಾಗಿ ಬೀಳುತ್ತಾನೆ. ಶರಣ್ಯಾಗೆ ಹತ್ತು ವರ್ಷ. ನೀರಿನ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತ ಹಾಡು ಹೇಳುತ್ತದೆ ಕೂಸು.

ಇದನ್ನೆಲ್ಲ ಅವರ ಅಪ್ಪ ಒಂದು ಸಲವೂ ನೋಡಿರಲಿಲ್ಲ. ಒಂದು ಸಲವೂ! ಮಕ್ಕಳಿಗೆ ಬೇಸಿಗೆ ರಜ ಬರುವುದೂ ಮದುವೆ ಉಪನಯನಗಳ ಮುಹೂರ್ತ ಬರುವುದೂ ಒಟ್ಟಿಗೆ. ದಸರಾ ರಜ ಅಂದರೆ ನವರಾತ್ರಿಯ ಸಂತರ್ಪಣೆ. ಮಳೆಗಾಲದಲ್ಲಿ ಅಪ್ಪನಿಗೆ ಬಿಡುವು, ಆಗ ಮಕ್ಕಳಿಗೆ ಶಾಲೆ, ಹೊಳೆಯಲ್ಲಿ ಕೆಂಪು ನೀರು. ಎಲ್ಲಿಗಾದರೂ ಹೋಗುವ ಅಂದರೆ ದತ್ತಮೂರ್ತಿ ಇಲ್ಲ ಅನ್ನುವವನಲ್ಲ, ‘ಬರೋ ವರ್ಷ ಖಂಡಿತಾ’ ಅನ್ನುವವನು. ಎರಡು ವರ್ಷದ ಹಿಂದೆ ಅಂತೂ ಇಂತೂ ಸಿರಿಮನೆ ಜಲಪಾತಕ್ಕೆ ಹೊರಟಿದ್ದೆವು. ಅರ್ಧ ದಾರಿಗೆ ಫೋನು. ಯಾರದೋ ಮನೆಯಲ್ಲಿ ಸಮಾರಂಭ, ಒಪ್ಪಿಕೊಂಡ ಭಟ್ಟರು ಬಂದಿಲ್ಲ. ‘ಶುಭಕಾರ್ಯ ಮಾರಾಯ, ಎಂತ ಮಾಡೂದು?’ ಅಂತ ಇಳಿದು, ಎದುರು ಬಂದ ಬಸ್ಸು ಹತ್ತಿ ಹೋದ. ಜಲಪಾತ ನೋಡದೆ ನಾವು ವಾಪಸ್ಸು. ಆವತ್ತು ಶರಣ್ಯಾ ಮನೆ ಮುಟ್ಟುವವರೆಗೆ ಅತ್ತಿತ್ತು.

ಹೋದ ಚಳಿಗಾಲದಲ್ಲಿ ಕೊಪ್ಪದಲ್ಲೊಂದು ಮದುವೆ. ನೆಂಟರ ಪೈಕಿ, ಹಾಗಾಗಿ ತಂಗಿಗೂ ಮಕ್ಕಳಿಗೂ ಕರೆ ಇತ್ತು, ಅಡಿಗೆ ದತ್ತಮೂರ್ತಿಯದೇ. ಊಟಕ್ಕೆ ಕೂತಿದ್ದೇವೆ. ಬಡಿಸುವವರು ಕಡಿಮೆ ಬಿದ್ದರು ಅಂತ ಅವನೇ ಪಾಯಸದ ಬಕೆಟು ಹಿಡಿದು ಪಂಕ್ತಿಗೆ ಬಂದ. ತಲೆ ಎತ್ತದೆ ಎಲೆಯಿಂದ ಎಲೆಗೆ ಬಗ್ಗಿ ಬಗ್ಗಿ ಬಡಿಸುತ್ತ ಶರಣ್ಯಾಳ ಎಲೆಗೂ ಬಂದು ಸೌಟು ನೀಡಿದ. ಅದು ಕೈ ಅಡ್ಡ ಹಿಡಿದು ಹೇಳಿತು:

“ಸಾಕು ಭಟ್ರೇ.”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಆಗ ದತ್ತಮೂರ್ತಿ ತಲೆ ಎತ್ತಿದ, ಮಗಳೆಂದು ಗೊತ್ತಾಗಿ ತಾನೂ ನಕ್ಕ, ಮುಂದಿನ ಎಲೆಗೆ ಹೋದ. ನಾನೂ ನಕ್ಕೆ. ಪಕ್ಕದಲ್ಲಿ ನೋಡುತ್ತೇನೆ, ಮೂಕಾಂಬಿಕಾ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಮಗಳ ಮುಖವನ್ನೇ ನೋಡುತ್ತಿದ್ದಳು. ಶರಣ್ಯಾ ನಗುತ್ತಿರಲಿಲ್ಲ, ಉಪ್ಪಿನಕಾಯಿ ನೆಕ್ಕುತ್ತಿತ್ತು.

ಸಂಜೆ ನಾವು ಓಮ್ನಿಯಲ್ಲಿ ವಾಪಸ್ಸು ಬರುವಾಗ ದತ್ತಮೂರ್ತಿ ಛತ್ರದಲ್ಲೇ ಉಳಿದಿದ್ದ, ಮಕ್ಕಳು ಹಿಂದೆ ನಿದ್ದೆ ಹೋಗಿದ್ದವು.

“ಅಣ್ಣಯ್ಯ, ಕೂಸು ತಮಾಷೆಗೆ ಹೇಳಿದ್ದಲ್ಲ,” ಅಂದಳು.

“ಮಕ್ಕಳ ಮಾತು. ನೀನೊಂದು.”

“ಮೊದಲೆಲ್ಲ ರಜ ಬಂತು ಅಂದ್ರೆ ಅಪ್ಪಯ್ಯ ಎಲ್ಲಿಗೆ ಕರ್ಕೊಂಡು ಹೋಗ್ತಾರೆ ಅಂತ ಜೀವ ತಿನ್ನೋವು. ಈ ಸಲ ದಸರಾಕ್ಕೆ ಕೇಳ್ಲೇ ಇಲ್ಲ. ಕೇಳಿ ಅತ್ರೆ ಸಮಾಧಾನ ಮಾಡಬಹುದು. ಕೇಳೂದೇ ಬಿಟ್ರೆ ಎಂತ ಮಾಡೂದು? ನಂಗೆ ಹೆದರಿಕೆ ಆಗ್ತದೆ. ಇನ್ನೆರಡು ವರ್ಷ ಹೀಗೇ ಹೋದ್ರೆ ಇವರು ಮನೇಲಿದ್ರೂ ಮಕ್ಕಳಿಗೆ ಬೇಡ ಆಗ್ತಾರೆ.”

ಊರು ಹತ್ತಿರ ಬಂದಾಗ, “ಈ ಬೇಸಿಗೆ ರಜಕ್ಕೆ ಹೋಗೂದೇ. ನಾಲ್ಕೂ ಜನ. ನಾನು ನೋಡ್ಕೊಳ್ತೇನೆ,” ಅಂದಳು. ಆ ದನಿ ನನಗೆ ಗೊತ್ತು. ತೆಂಗಿನಕಾಯಿ ಕಟ್ಟಿಕೊಂಡು ಹೊಳೆಗೆ ಇಳಿದವಳ ದನಿ.

ನಮ್ಮ ಕಡೆ ಅಡಿಗೆಯವರನ್ನು ಗೊತ್ತುಮಾಡುವ ಕ್ರಮ ಒಂದಿದೆ. ಈಗ ಎಲ್ಲ ಫೋನಿನಲ್ಲೇ ಮಾತಾಡಿದರೂ, ದಿನ ಗಟ್ಟಿ ಮಾಡುವುದಕ್ಕೆ ಮನೆಗೇ ಬರಬೇಕು. ಹರಿವಾಣದಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಇಂಥ ದಿನ, ಇಷ್ಟು ಜನ ಅಂತ ಹೇಳಿ ಕೊಡಬೇಕು. ಭಟ್ಟರು ವೀಳ್ಯ ತೆಗೆದುಕೊಂಡರೆ ಆ ದಿನ ಅವರದಾಯಿತು. ಆಮೇಲೆ ಎಂಥ ದೊಡ್ಡವರು ಬಂದರೂ ಅದನ್ನು ಬಿಟ್ಟು ಹೋಗುವ ಹಾಗಿಲ್ಲ. ದತ್ತಮೂರ್ತಿಯ ಹೆಸರು ನಿಂತಿರುವುದೇ ಅದರ ಮೇಲೆ. ಇಷ್ಟು ವರ್ಷದಲ್ಲಿ ಒಂದೇ ಒಂದು ವೀಳ್ಯಕ್ಕೆ ತಪ್ಪಿದವನಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರ ಜಗಲಿಯಲ್ಲಿ ಬಾಳೆಹೊನ್ನೂರಿನ ಕಡೆಯವರು ಇಬ್ಬರು ವೀಳ್ಯ ಕೊಡಲು ಬಂದು ಕೂತಿದ್ದರು. ಕಾಫಿ ಆಯಿತು, ಮಾತಾಯಿತು, ದಿನ ನಿಶ್ಚಯವಾಯಿತು. ನಾನು ಮೂಲೆಯಲ್ಲಿ ಪೇಪರು ಓದುತ್ತಿದ್ದೆ. ಅಷ್ಟರಲ್ಲಿ ಅಂಗಳದ ಕಡೆಯಿಂದ ಯಾರೋ ಮೆಟ್ಟಿಲು ಹತ್ತಿ ಬಂದರು. ನೋಡಿದರೆ ಮೂಕಾಂಬಿಕಾ! ಒಳಗಿಂದ ಬರಲಿಲ್ಲ ಅವಳು. ಹಿತ್ತಿಲ ಬಾಗಿಲಿಂದ ಹೊರಗೆ ಹೋಗಿ, ಮನೆ ಸುತ್ತಿ, ಎದುರಿಂದ ಬಂದಿದ್ದಳು. ರೇಷ್ಮೆ ಸೀರೆ ಉಟ್ಟಿದ್ದಳು, ಕೈಯಲ್ಲಿ ಹರಿವಾಣ. ಹಿಂದೆ ತಲೆ ಬಾಚಿಕೊಂಡ ಇಬ್ಬರು ಮಕ್ಕಳು.

“ನಮ್ಮನೇಲೊಂದು ಕಾರ್ಯ ಉಂಟು. ಮೇ ತಿಂಗಳ ಮೂರನೇ ಭಾನುವಾರ. ನೀವೇ ಬರ್ಬೇಕು,” ಅಂದಳು ಗಂಡನಿಗೆ.

ದತ್ತಮೂರ್ತಿ ಹೊಟ್ಟೆ ಕುಣಿಸಿ ನಕ್ಕ. ಬಂದಿದ್ದವರೂ ನಕ್ಕರು. “ಎಂತ ಆಟ ಇದು ಮಾರಾಯ್ತಿ!”

“ಆಟ ಅಲ್ಲ. ಹಿಡಿಯೂದಾದ್ರೆ ಹಿಡೀರಿ. ಆಗೂದಿಲ್ಲ ಅಂದ್ರೆ ಇವರೆದುರಿಗೇ ಆಗೂದಿಲ್ಲ ಅನ್ನಿ, ನಾನು ಒಳಗೆ ಹೋಗಿ ದೋಸೆ ಹೊಯ್ತೇನೆ.”

ಅವನ ನಗು ಅರ್ಧಕ್ಕೇ ನಿಂತಿತು. ಹರಿವಾಣ ನೋಡಿದ, ಮಕ್ಕಳನ್ನು ನೋಡಿದ. ವಿಘ್ನೇಶ ನೆಲ ನೋಡುತ್ತಿದ್ದ. ಶರಣ್ಯಾ ಅಪ್ಪನನ್ನು ನೋಡುತ್ತಿತ್ತು, ಆದರೆ ನಂಬಿಕೆ ಇಲ್ಲದವರು ನೋಡುವ ಹಾಗೆ. ದತ್ತಮೂರ್ತಿ ಎದ್ದು ನಿಂತು, ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು, ಎರಡೂ ಕೈ ಚಾಚಿ ವೀಳ್ಯ ತೆಗೆದುಕೊಂಡ. ಅಭ್ಯಾಸದ ಮೇಲೆ ಕೇಳಿಯೂಬಿಟ್ಟ:

“ಎಷ್ಟು ಜನ?”

“ನಾಲ್ಕು ಜನ.”

“ಐದು!” ಅಂತ ನಾನು ಮೂಲೆಯಿಂದ ಕೂಗಿದೆ. “ಗಾಡಿ ಬಿಡುವವನಿಗೆ ಊಟ ಇಲ್ಲವಾ? ಒಳ್ಳೆ ಕಥೆ!”

ಎಲ್ಲಿಗೆ ಹೋಗುವುದೆಂದು ವಿಘ್ನೇಶ ಹೇಳಿದ. ಎನ್.ಆರ್.ಪುರದ ಆಚೆ ಭದ್ರಾ ಹಿನ್ನೀರು. ಯಾರದೋ ಫೋನಿನಲ್ಲಿ ವೀಡಿಯೋ ನೋಡಿದ್ದನಂತೆ, ಆಚೆ ದಡ ಸರಿಯಾಗಿ ಕಾಣುವುದೇ ಇಲ್ಲವಂತೆ. ಗುಂಡಿಯಲ್ಲಿ ಈಜಿದವರಿಗೆ ಅಂಥ ನೀರು ಅಂದರೆ ಸಮುದ್ರ. ಆವತ್ತಿನಿಂದ ಮನೆಯಲ್ಲಿ ಅದೇ ಸುದ್ದಿ, ಆದರೆ ತಾಯಿಯೂ ಮಗನೂ ಮಾತ್ರ ಆಡುತ್ತಿದ್ದರು. ಶರಣ್ಯಾ ಸೇರುತ್ತಿರಲಿಲ್ಲ. ‘ಹೋದ್ಮೇಲೆ ಹೇಳು’ ಅಂತ ಅಣ್ಣನಿಗೆ ಹೇಳಿ ಎದ್ದು ಹೋಗುತ್ತಿತ್ತು.

ಹೊರಡುವುದಕ್ಕೆ ಎರಡು ದಿನ ಇದೆ ಅನ್ನುವಾಗ ಜಯಪುರದ ಕಡೆಯ ತೋಟದ ಯಜಮಾನರು ಹೆಬ್ಬಾರರು ಕಾರಿನಲ್ಲಿ ಬಂದಿಳಿದರು. ಭಾನುವಾರ ಮಗಳ ಮದುವೆ. ಗೊತ್ತುಮಾಡಿದ್ದ ಭಟ್ಟರು ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಾರೆ. ಪಾಪ, ಮನುಷ್ಯನ ಮುಖ ನೋಡುವ ಹಾಗಿರಲಿಲ್ಲ. “ದತ್ತಮೂರ್ತಿ, ನೀವೇ ಗತಿ. ಇಲ್ಲ ಅನ್ನಬೇಡಿ,” ಅಂತ ಕೈ ಹಿಡಿದುಕೊಂಡರು.

ದತ್ತಮೂರ್ತಿ ಹೆಂಡತಿಯ ಮುಖ ನೋಡಿದ. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಹೆಣ್ಣುಮಗಳ ಮದುವೆ, ಬಾಯಿಬಿಟ್ಟು ಬೈಯುವುದಾದರೂ ಯಾರನ್ನು? ಮೂಕಾಂಬಿಕಾ ಹೆಬ್ಬಾರರಿಗೆ ಮಜ್ಜಿಗೆ ತಂದುಕೊಟ್ಟು ಕೇಳಿದಳು: “ನಿಮ್ಗೆ ಬೇಕಾದ್ದು ಭಟ್ಟರಲ್ವಾ? ಇವರೇ ಆಗ್ಬೇಕೂಂತ ಇಲ್ವಲ್ಲ? ನಾಳೆ ಸಂಜೆ ಒಳಗೆ ನಾನು ಹುಡುಕಿ ಕೊಡ್ತೇನೆ. ಸಿಗದಿದ್ರೆ ಇವರು ಬರ್ತಾರೆ, ನಾನೇ ಕಳಿಸ್ತೇನೆ.”

ಅವರ ಮನೆಯೊಳಗೆ ಫೋನು ಸರಿಯಾಗಿ ಸಿಗುವುದಿಲ್ಲ, ಹಿಂದಿನ ಗುಡ್ಡ ಹತ್ತಬೇಕು. ಫೋನು, ನೀರಿನ ಬಾಟಲಿ ಹಿಡಿದು ಹತ್ತಿದಳು. ಮದುವೆಯ ಕಾಲ, ಯಾವ ಭಟ್ಟರು ಖಾಲಿ ಕೂತಿರುತ್ತಾರೆ? ಒಬ್ಬರು ತೀರ್ಥಹಳ್ಳಿಗೆ ಒಪ್ಪಿಕೊಂಡಿದ್ದರು, ಒಬ್ಬರು ಫೋನೇ ಎತ್ತಲಿಲ್ಲ, ಒಬ್ಬರು ನಿನ್ನ ಗಂಡನಿಗೆ ಎಂತ ರೋಗ ಅಂತ ಕೇಳಿದರು. ಇಳಿದು ಬಂದು ಹಸು ಕರೆದು ಮತ್ತೆ ಹತ್ತಿದಳು. ಮರುದಿನವೂ ಹತ್ತಿದಳು. ಅಂತೂ ಮಧ್ಯಾಹ್ನದ ಹೊತ್ತಿಗೆ ಬಾಳಗಡಿಯ ಐತಾಳರು ಸಿಕ್ಕರು. ವಯಸ್ಸಾಗಿದೆ, ಮಂಡಿ ನೋವು ಅಂತ ಕೆಲಸ ಬಿಟ್ಟು ಕೂತವರು.

“ನಾ ಬತ್ತೆ ಮಗಾ, ಕಾಲು ಬತ್ತಿಲ್ಲೆ,” ಅಂದರಂತೆ.

“ನೀವು ಕುರ್ಚಿಯಲ್ಲಿ ಕೂತು ಹೇಳಿದ್ರೆ ಸಾಕು. ಕೈ ಕಾಲಿಗೆ ಇವರ ಹುಡುಗರೆಲ್ಲ ಬರ್ತಾರೆ,” ಅಂತ ಇವಳು. ಒಪ್ಪಿಸಿಯೇ ಇಳಿದಳು. ಹೆಬ್ಬಾರರೂ ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ.

ಭಾನುವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ದತ್ತಮೂರ್ತಿ ಒಂದು ಗ್ಯಾಸ್ ಒಲೆ, ಎರಡು ಕೊಳದಪ್ಪಲೆ, ಮಾರುದ್ದದ ಸೌಟು ತಂದು ಅಂಗಳದಲ್ಲಿ ಜೋಡಿಸಿಟ್ಟಿದ್ದ. ವೀಳ್ಯ ಹಿಡಿದ ಮೇಲೆ ಅಡಿಗೆ ಮಾಡದೆ ಇರುವುದು ಹೇಗೆ ಅಂತ ಅವನ ವಾದ. ಮೂಕಾಂಬಿಕಾ ಅಷ್ಟನ್ನೂ ಒಂದೊಂದಾಗಿ ಒಳಗೆ ಸಾಗಿಸಿದಳು. “ಚಿತ್ರಾನ್ನ, ಮೊಸರನ್ನ ಮಾಡಿ ಆಗಿದೆ. ಇವತ್ತು ನೀವು ಸೌಟು ಮುಟ್ಟೂದಿಲ್ಲ,” ಅಂದಳು. ದತ್ತಮೂರ್ತಿ ಖಾಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ನನ್ನ ಪಕ್ಕದ ಸೀಟಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತ.

ಶೃಂಗೇರಿ ಬಿಟ್ಟು ಜಯಪುರದ ದಾರಿ ಹಿಡಿದೆವು. ವಿಘ್ನೇಶನ ಬಾಯಿಗೆ ಬಿಡುವೇ ಇಲ್ಲ, ಹಿನ್ನೀರಿನಲ್ಲಿ ಅಷ್ಟು ದೂರ ಈಜುತ್ತೇನೆ, ಇಷ್ಟು ದೂರ ಈಜುತ್ತೇನೆ ಅಂತ. ಶರಣ್ಯಾ ಕಿಟಕಿಗೆ ಹಣೆ ಹಚ್ಚಿ ಕೂತಿತ್ತು. ಜಯಪುರದಲ್ಲಿ ರಸ್ತೆ ಬದಿಗೆ ಛತ್ರ, ಬಾಗಿಲಲ್ಲಿ ಬಾಳೆಕಂಬ, ವಾಲಗದ ಸದ್ದು. ನಾನು ಮಾಡಿದ ಘನಕಾರ್ಯ ಕೇಳಿ. ಹದಿನೈದು ವರ್ಷದಿಂದ ಆ ಛತ್ರಕ್ಕೆ ಪಾತ್ರೆ ಸಾಗಿಸಿದವನು ನಾನು. ಪಕ್ಕದ ಸೀಟಿನಲ್ಲಿ ದತ್ತಮೂರ್ತಿ, ಎದುರಿಗೆ ಬಾಳೆಕಂಬ. ಕೈ ತಾನಾಗಿ ಸ್ಟೇರಿಂಗು ತಿರುಗಿಸಿತು. ಗಾಡಿ ಹಿಂದಿನ ಗೇಟಿನಿಂದ ಒಳಗೆ ನುಗ್ಗಿ ಸೀದಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿತು. ಹ್ಯಾಂಡ್ ಬ್ರೇಕು ಎಳೆದ ಮೇಲೆ ನನಗೆ ಎಚ್ಚರವಾದದ್ದು. ನನ್ನ ತಲೆಗೆ ನಾನೇ ಹೊಡೆದುಕೊಂಡೆ.

“ಬಂದ್ರು, ದತ್ತಣ್ಣ ಬಂದ್ರು!” ಅಂತ ಒಳಗಿನ ಹುಡುಗರು ಬೊಬ್ಬೆ ಹೊಡೆದರು. ಹೆಬ್ಬಾರರು ಎಲ್ಲಿದ್ದರೋ, ಪೇಟ ಹಿಡಿದುಕೊಂಡು ಓಡಿಬಂದರು. ಜನ ಹೆಚ್ಚಾಗಿದ್ದಾರೆ, ಹುಳಿ ಯಾಕೋ ಸಾಲುವ ಹಾಗೆ ಕಾಣುವುದಿಲ್ಲ, ಐತಾಳರ ದನಿ ಯಾರಿಗೂ ಕೇಳುವುದಿಲ್ಲ, “ಹತ್ತೇ ನಿಮಿಷ ಬಂದು ಹೋಗಿ” ಅಂದರು. ಒಳಗಿಂದ ಹಿಂಗಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ದತ್ತಮೂರ್ತಿ ಮೂಗು ಅರಳಿಸಿದ. ಹಿಂದೆ ತಿರುಗಿ ಯಾರ ಮುಖವನ್ನೂ ನೋಡಲಿಲ್ಲ.

“ಭಾವ, ಒಂದು ನಿಮಿಷ. ಬಂದೆ,” ಅಂತ ಇಳಿದ. ಪಂಚೆ ಎತ್ತಿ ಕಟ್ಟುತ್ತ ಒಳಗೆ ಹೋದ.

ನಿಮಿಷಗಳು ಹೋದವು. ವಾಲಗ ನಿಂತಿತು, ಮತ್ತೆ ಶುರುವಾಯಿತು. ವಿಘ್ನೇಶ ಹಲ್ಲು ಕಚ್ಚಿ ಹೊರಗೆ ನೋಡುತ್ತಿದ್ದ. ಶರಣ್ಯಾ ತೊಡೆಯ ಮೇಲಿಟ್ಟುಕೊಂಡಿದ್ದ ಟವೆಲನ್ನು ನೀಟಾಗಿ ಮಡಿಸಿ ಚೀಲಕ್ಕೆ ಹಾಕಿತು. ಆಮೇಲೆ ಏನೂ ಆಗದವರ ದನಿಯಲ್ಲಿ ಕೇಳಿತು:

“ಮಾವ, ಮನೆಗೆ ಹೋಗೂದಾ?”

“ಇವತ್ತು ನಿನ್ನ ಅಪ್ಪನ ಜುಟ್ಟು ಹಿಡಿದು ಎಳ್ಕೊಂಡು ಬರ್ತೇನೆ,” ಅಂತ ಬಾಗಿಲು ತೆಗೆದೆ.

“ನೀನು ಸುಮ್ನಿರು ಅಣ್ಣಯ್ಯ,” ಅಂದಳು ಮೂಕಾಂಬಿಕಾ. ಆಗಲೇ ಕೆಳಗಿಳಿದಿದ್ದಳು. “ಗಾಡಿ ತಿರುಗಿಸಿ ರಸ್ತೆಗೆ ಮುಖ ಮಾಡಿ ಇಡು. ಇಂಜಿನ್ ಆಫ್ ಮಾಡಬೇಡ.”

ಒಳಗೆ ನಡೆದದ್ದನ್ನು ನನಗೆ ಆಮೇಲೆ ಹೇಳಿದವನು ದತ್ತಮೂರ್ತಿಯ ಜೊತೆ ಕೆಲಸ ಮಾಡುವ ಸುಂದರೇಶ. ಇವಳು ಹೋಗುವಾಗ ದತ್ತಮೂರ್ತಿ ಹುಳಿಯ ಕೊಪ್ಪರಿಗೆಯ ಮುಂದೆ ಸೌಟು ಹಿಡಿದು ನಿಂತಾಗಿತ್ತಂತೆ. ಒಬ್ಬನಿಗೆ ಕಾಯಿ ಕಡೆಯಲು, ಇನ್ನೊಬ್ಬನಿಗೆ ಬೆಂಕಿ ಕಡಿಮೆ ಮಾಡಲು ಹೇಳುತ್ತಿದ್ದನಂತೆ. ಅವನ ಒಂದು ನಿಮಿಷ ಮಧ್ಯಾಹ್ನದ ಕೊನೆಯ ಪಂಕ್ತಿಯವರೆಗೆ ಹೋಗುವುದು ಖಾತ್ರಿ ಇತ್ತು. ಮೂಕಾಂಬಿಕಾ ಮೊದಲು ಹೆಬ್ಬಾರರಿಗೆ ಕೈ ಮುಗಿದಳಂತೆ.

“ನಿಮ್ಮ ಮಗಳ ಮದುವೆ ಚೆಂದಾಗಿ ಆಗ್ಲಿ. ಭಟ್ಟರನ್ನು ಹುಡುಕಿ ಕೊಟ್ಟಿದ್ದೇನೆ, ಹುಡುಗರನ್ನು ಕಳಿಸಿದ್ದೇನೆ. ಇವತ್ತಿನ ದಿನ ಇವರದ್ದಲ್ಲ, ಇವರ ಮಕ್ಕಳದ್ದು.”

ಆಮೇಲೆ ಗಂಡನ ಹತ್ತಿರ ಹೋಗಿ, ದನಿ ಎತ್ತರಿಸದೆ ಹೇಳಿದಳಂತೆ: “ರೀ, ಶರಣ್ಯಾ ಅಳ್ಲಿಲ್ಲ. ಟವೆಲು ಮಡಿಸಿ ಚೀಲಕ್ಕೆ ಹಾಕಿ, ಮನೆಗೆ ಹೋಗೂದಾ ಅಂತ ಕೇಳ್ತಾ ಇದೆ. ನೀವು ಇಳಿದದ್ದು ಅದಕ್ಕೆ ಆಶ್ಚರ್ಯನೇ ಆಗ್ಲಿಲ್ಲ. ನೀವು ಬರೂದಿಲ್ಲ ಅಂತ ಹೊರಡುವಾಗ್ಲೇ ಗೊತ್ತಿತ್ತು ಅದಕ್ಕೆ. ಅದು ಅಂದ್ಕೊಂಡದ್ದು ಸರಿ ಅಂತ ಮಾಡಬೇಡಿ.”

ದತ್ತಮೂರ್ತಿ ಸೌಟು ಬಿಡಲಿಲ್ಲ, ಕದಡಲೂ ಇಲ್ಲ. ಕುರ್ಚಿಯಲ್ಲಿ ಕೂತಿದ್ದ ಐತಾಳರು ಮಂಡಿಗೆ ಕೈ ಊರಿ ಎದ್ದರಂತೆ. “ವೀಳ್ಯ ಹಿಡಿದವ ನೀನು, ಇಲ್ಲಿ ಎಂತ ಮಾಡ್ತೆ? ಕೊಡಾ ಇಲ್ಲಿ,” ಅಂತ ಕೈ ಚಾಚಿದರಂತೆ. ದತ್ತಮೂರ್ತಿ ಸೌಟನ್ನು ಅವರ ಕೈಗೆ ಕೊಟ್ಟು, ಹೆಬ್ಬಾರರಿಗೆ, “ಕ್ಷಮಿಸಿ ಯಜಮಾನ್ರೇ, ನಾನು ಇವತ್ತಿಗೆ ಮಾತು ಕೊಟ್ಟವನು,” ಅಂದನಂತೆ. ಸುಂದರೇಶ ಇದನ್ನು ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಈರುಳ್ಳಿ ಹೆಚ್ಚಿದ್ದಕ್ಕೆ ಅಂದ. ಬ್ರಾಹ್ಮಣರ ಮದುವೆ ಅಡಿಗೆಗೆ ಎಲ್ಲಿಯ ಈರುಳ್ಳಿ!

ನಾನು ಕಂಡದ್ದು ಇಷ್ಟು. ಇಬ್ಬರೂ ಹೊರಗೆ ಬಂದರು. ಅವಳು ಮುಂದೆ, ಅವನು ಹಿಂದೆ, ಶಾಲಿನ ತುದಿಯಲ್ಲಿ ಕೈ ಒರೆಸಿಕೊಳ್ಳುತ್ತ. ಮುಂದಿನ ಸೀಟಿಗೆ ಅವಳು ಬಂದು ಕೂತಳು, ಅವನು ಬರಲಿಲ್ಲ. ಹಿಂದಿನ ಬಾಗಿಲು ಎಳೆದು, ವಿಘ್ನೇಶನನ್ನು ಆಚೆ ಸರಿಸಿ, ಮಗಳ ಪಕ್ಕದಲ್ಲಿ ಹೊಟ್ಟೆ ತುರುಕಿಕೊಂಡು ಕೂತ. ಶರಣ್ಯಾ ಅಪ್ಪನನ್ನು ನೋಡಿತು, ಬಾಗಿಲು ನೋಡಿತು, ಮತ್ತೆ ಅಪ್ಪನನ್ನು ನೋಡಿತು. ನಾನು ಗೇಟು ದಾಟಿಸಿದ ವೇಗಕ್ಕೆ ಛತ್ರದ ನಾಯಿ ಹಾರಿ ಓಡಿತು.

ಬಾಳೆಹೊನ್ನೂರು ಬಂತು. ಅಲ್ಲಿ ಬಸ್ಸುಗಳ ಮಧ್ಯೆ ಗಾಡಿ ಸಿಕ್ಕಿಕೊಂಡಾಗ ದತ್ತಮೂರ್ತಿಯ ಫೋನು ಬಡಿದುಕೊಂಡಿತು. ಅದರ ಸದ್ದಿಗೆ ಶರಣ್ಯಾ ಬೆಚ್ಚಿದ್ದು ನನಗೆ ಕನ್ನಡಿಯಲ್ಲಿ ಕಂಡಿತು. ದತ್ತಮೂರ್ತಿಗೂ ಕಂಡಿರಬೇಕು. ಫೋನನ್ನು ಮುಂದೆ ಚಾಚಿ, “ಭಾವ, ಇದು ನಿನ್ನ ಹತ್ರ ಇರ್ಲಿ,” ಅಂದ. ನಾನು ಅದನ್ನು ಸ್ವಿಚ್ ಆಫ್ ಮಾಡಿ ಸೀಟಿನಡಿಗೆ ಹಾಕಿದೆ. ಬಾಳೆಹೊನ್ನೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಸಣ್ಣ ದನಿ ಕೇಳಿತು.

“ಅಪ್ಪಯ್ಯ, ನಿಂಗೆ ಈಜ್ಲಿಕ್ಕೆ ಬರ್ತದಾ?”

“ಇಲ್ಲ ಕೂಸೇ. ನೀರು ಕಂಡ್ರೆ ಹೆದರಿಕೆ ನಂಗೆ.”

ನನ್ನ ತಂಗಿಗೂ ಅದು ಹೊಸ ಸುದ್ದಿ. ಇಷ್ಟು ವರ್ಷ ಸಂಸಾರ ಮಾಡಿದವಳು ತಿರುಗಿ ಗಂಡನ ಮುಖ ನೋಡಿದಳು. ಮೇಳೋಗರಕ್ಕೆ ಎಷ್ಟು ಕಾಯಿ ಬೇಕೆಂದು ನಿದ್ದೆಯಲ್ಲಿ ಹೇಳುವ ಮನುಷ್ಯ, ಇದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಹಿನ್ನೀರು ಮೇ ತಿಂಗಳಲ್ಲಿ ಹಿಂದೆ ಸರಿದು ದಡದಲ್ಲಿ ಗಟ್ಟಿ ಮಣ್ಣು, ಎಳೆ ಹುಲ್ಲು. ದನಗಳು ಮೇಯುತ್ತಿದ್ದವು, ಆಚೆ ಕಾಡಿನ ಗುಡ್ಡಗಳು ಮಂಜಾಗಿ ಕಾಣುತ್ತಿದ್ದವು. ವಿಘ್ನೇಶ ಗಾಡಿ ನಿಲ್ಲುವುದಕ್ಕೂ ಕಾಯಲಿಲ್ಲ. ಮೂಕಾಂಬಿಕಾ ಮೊದಲು ತಾನೇ ಇಳಿದು ಎಲ್ಲಿಯವರೆಗೆ ಆಳ ಕಡಿಮೆ ಎಂದು ನೋಡಿ, ಅಲ್ಲೊಂದು ಕೋಲು ನೆಟ್ಟು, ಇದರಾಚೆ ಯಾರೂ ಹೋಗುವ ಹಾಗಿಲ್ಲ ಅಂದಳು. ಆಮೇಲೆ ಮೂವರೂ ನೀರಲ್ಲಿ. ದತ್ತಮೂರ್ತಿ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ. ಮಗ ಮೀನಿನ ಹಾಗೆ ಮುಳುಗಿ ಇನ್ನೆಲ್ಲೋ ಏಳುವುದನ್ನು ನೋಡಿದ. ಮಗಳು ಅಂಗಾತ ತೇಲಿದಾಗ ಎದ್ದು ನಿಂತ. “ಅಯ್ಯೋ, ಕೂಸು!” ಅಂದ.

“ಸುಮ್ಮನೆ ಕೂತ್ಕೋ ಭಾವ. ಅದು ಹಾಡು ಹೇಳ್ತಾ ಇದೆ,” ಅಂದೆ.

“ಇದೆಲ್ಲ ಯಾವಾಗ ಕಲಿತ್ರು ಇವರು?”

“ನೀನು ಹುಳಿ ಕುದಿಸುವಾಗ,” ಅಂದುಬಿಟ್ಟೆ. ಅವನು ಕಣ್ಣು ಒರೆಸಿಕೊಂಡ. ನನಗೆ ಆಗ ಬೇಜಾರಾಯಿತು.

ಊಟಕ್ಕೆ ಎಲೆ ಹಾಕಿದಾಗ ಅವನು ಅಭ್ಯಾಸದಂತೆ ಬಡಿಸಲು ಎದ್ದ. ಮೂಕಾಂಬಿಕಾ ಕೈ ಹಿಡಿದು ಕೂರಿಸಿದಳು. ಮಕ್ಕಳ ನಡುವೆ ಕೂತು ಉಂಡ. “ನಿಂಗೆ ಎಂತ ಇಷ್ಟ ಕೂಸೇ, ತಿನ್ಲಿಕ್ಕೆ?” ಅಂತ ಮಗಳನ್ನು ಕೇಳಿದ. ಸಾವಿರಾರು ಜನರಿಗೆ ಉಣಿಸಿದವನಿಗೆ ಅದು ಗೊತ್ತಿರಲಿಲ್ಲ. ಬಾಳೆಹಣ್ಣಿನ ದೋಸೆ, ಉದ್ದಿನ ಹಪ್ಪಳ, ಮಾವಿನ ಮಿಡಿ, ಅಂಗಡಿಯ ಕುರ್‌ಕುರೆ, ಹೀಗೆ ಅದು ಹೇಳುತ್ತಲೇ ಹೋಯಿತು. ಅವನು ಪ್ರತಿಯೊಂದಕ್ಕೂ ಹೂಂ ಹೂಂ ಅನ್ನುತ್ತ ಕೇಳಿದ.

ಊಟ ಇಳಿದ ಮೇಲೆ ಶರಣ್ಯಾ ಅಪ್ಪನ ಕೈ ಹಿಡಿದು ಎಳೆಯಿತು. ಬೇಡ ಬೇಡ ಅನ್ನುತ್ತಲೇ ಪಂಚೆ ಮೇಲೆ ಕಟ್ಟಿ ಇಳಿದ. ಮೊಣಕಾಲಿಗೆ ಬಂದಾಗ ರಾಮ ರಾಮ ಅಂದ, ಸೊಂಟಕ್ಕೆ ಬಂದಾಗ ಬಾಯಿಯೇ ಕಟ್ಟಿತು. ಒಂದು ಸಲ ಕಾಲು ಜಾರಿ ಮುಳುಗಿ, ನೀರು ಕುಡಿದು, ಕೆಮ್ಮುತ್ತ ಎದ್ದವನು ಸಿಕ್ಕಿದ್ದನ್ನು ತಬ್ಬಿಕೊಂಡ. ಸಿಕ್ಕಿದ್ದು ಹತ್ತು ವರ್ಷದ ಮಗಳು. ಅದು ಒಂಚೂರೂ ನಗದೆ ಹೇಳಿತು:

“ಹೆದರ್ಬೇಡ ಅಪ್ಪಯ್ಯ. ನನ್ನ ಕೈ ಮೇಲೆ ಮಲಗು. ನಾನು ಬಿಡೂದಿಲ್ಲ.”

ಆಮೇಲೆ ಬಿಸಿಲು ಇಳಿಯುವವರೆಗೆ ಅದೇ ನಡೆಯಿತು. ಮಗ ಕಾಲಿನ ಕಡೆ, ಮಗಳು ಹೊಟ್ಟೆಯ ಕಡೆ, ಮಧ್ಯದಲ್ಲಿ ಆ ದೊಡ್ಡ ದೇಹ. “ಕಾಲು ಬಡಿ, ಸರೀ ಬಡಿ!” ಅಂತ ಶರಣ್ಯಾ ಗದರಿಸುವುದು ದಡಕ್ಕೆ ಕೇಳುತ್ತಿತ್ತು.

ಗುಡ್ಡದ ಮೇಲೆ ಮೋಡ ಕಟ್ಟಿತು. ಮರುದಿನ ಕೊಪ್ಪದಲ್ಲಿ ಉಪನಯನ, ಈ ಸಂಜೆಗೇ ಹೋಗಿ ತರಕಾರಿ ಹೆಚ್ಚಲು ಕೂರಬೇಕು, ಅದಕ್ಕೂ ವೀಳ್ಯ ಹಿಡಿದಾಗಿದೆ. ನ್ಯಾಯ ಅಂದರೆ ನ್ಯಾಯ, ಮೂಕಾಂಬಿಕಾ ತಾನೇ ದಡದ ಅಂಚಿಗೆ ಹೋಗಿ ಕರೆದಳು.

“ರೀ, ಬನ್ನಿ. ಹೊತ್ತಾಯ್ತು. ಕೊಪ್ಪದವರು ಕಾಯ್ತಾರೆ.”

ದತ್ತಮೂರ್ತಿ ಮಗಳ ಎರಡು ಪುಟ್ಟ ಕೈಗಳ ಮೇಲೆ ಬೋರಲಾಗಿ ಮಲಗಿ, ಗಲ್ಲ ಮೇಲೆತ್ತಿ, ಉಸಿರು ಬಿಗಿಹಿಡಿದು ಕಾಲು ಬಡಿಯುತ್ತಿದ್ದ. ಈ ಕಡೆ ತಿರುಗಲೂ ಇಲ್ಲ.

“ಕಾಯ್ಲಿ,” ಅಂದ.

ಮೂಕಾಂಬಿಕಾ ಇನ್ನೊಂದು ಸಲ ಕರೆಯಲಿಲ್ಲ. ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತು, ಒದ್ದೆ ದುಪ್ಪಟ್ಟ ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವಳು ಹಾಗೆ ಅತ್ತದ್ದನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ. ಗಾಡಿಯ ಕೀಲಿ ಜೇಬಿಗೆ ಹಾಕಿಕೊಂಡು ಅವಳ ಪಕ್ಕದಲ್ಲಿ ಕೂತೆ.